ಕಡಲ ಪವನಯಂತ್ರಗಳ ಸುತ್ತ ಜೀವಿಗಳ ಜಾಡು: ಹೈಡ್ರೋಫೋನ್ ಮತ್ತು ಪರಿಸರ ಡಿಎನ್‌ಎ ಬಳಸುವ ಸರಿಯಾದ ಕ್ರಮ

ಕಡಲಲ್ಲಿ ಪವನಯಂತ್ರ ನಿಂತರೆ ಅಲ್ಲಿನ ಮೀನು, ಡಾಲ್ಫಿನ್, ಚಿಪ್ಪುಜೀವಿಗಳಿಗೆ ಏನಾಗುತ್ತದೆ ಎಂದು ತಿಳಿಯಲು ಹೊರಟ ಅನೇಕ ತಂಡಗಳು ದುಬಾರಿ ಉಪಕರಣ ಕೊಂಡು, ತಿಂಗಳುಗಟ್ಟಲೆ ದೋಣಿಯಲ್ಲಿ ಓಡಾಡಿ, ಕೊನೆಗೆ ಯಾವ ತೀರ್ಮಾನಕ್ಕೂ ಒದಗದ ದತ್ತಾಂಶವನ್ನು ಹೊತ್ತು ದಡಕ್ಕೆ ಮರಳುತ್ತವೆ. ಇಂಥ ಕಡತಗಳನ್ನು ಬಿಡಿಸಿ ನೋಡಿದಾಗ ಉಪಕರಣ ಕೆಟ್ಟಿರುವುದು ಅಪರೂಪ. ಹೋಲಿಸಲು ಬೇರೊಂದು ತಾಣ ಇರುವುದಿಲ್ಲ, ಗಡಿಯಾರ ತಪ್ಪಿರುತ್ತದೆ, ಕಲಬೆರಕೆ ಆಗಿದೆಯೇ ಎಂದು ತಿಳಿಸುವ ಖಾಲಿ ಮಾದರಿ ತೆಗೆದಿರುವುದಿಲ್ಲ. ಮೊದಲು ಮಾಡಬೇಕಾದದ್ದನ್ನು ಕೊನೆಗೆ ಮಾಡಲು ಹೋದದ್ದೇ ಬಹುಪಾಲು ಸೋಲುಗಳ ಮೂಲ.

ಭಾರತದ ಕಡಲಲ್ಲಿ ಇನ್ನೂ ಪವನ ಸ್ಥಾವರ ಎದ್ದು ನಿಂತಿಲ್ಲ. ಗುಜರಾತ್ ಮತ್ತು ತಮಿಳುನಾಡಿನ ಕರಾವಳಿಯಲ್ಲಿ ತಲಾ 500 ಮೆಗಾವಾಟ್ ಸ್ಥಾವರಗಳಿಗೆ ನೆರವು ನೀಡುವ 7,453 ಕೋಟಿ ರೂಪಾಯಿಯ ಯೋಜನೆಗೆ ಕೇಂದ್ರ ಸಚಿವ ಸಂಪುಟವು 2024ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿದೆ. ಹಾಗಾಗಿ ಯಂತ್ರ ಬರುವ ಮೊದಲಿನ ಸ್ಥಿತಿಯನ್ನು ದಾಖಲಿಸುವ ಕಾಲ ಇದೇ, ಮತ್ತು ಅದು ಒಮ್ಮೆ ಕಳೆದರೆ ಮತ್ತೆ ಸಿಗುವುದಿಲ್ಲ. ಕಾರವಾರ, ಮಂಗಳೂರಿನಲ್ಲಿ ಕಡಲಜೀವಶಾಸ್ತ್ರ ಅಥವಾ ಮೀನುಗಾರಿಕೆ ಓದಿ ಇಂಥ ಸಮೀಕ್ಷೆಗಳಿಗೆ ಹೋಗುತ್ತಿರುವವರನ್ನು ಮನಸ್ಸಿನಲ್ಲಿಟ್ಟುಕೊಂಡು, ಯಂತ್ರಗಳು ಈಗಾಗಲೇ ನಿಂತಿರುವ ಯುರೋಪಿನ ಕಡಲುಗಳ ಅನುಭವವನ್ನು ಆಧಾರವಾಗಿಟ್ಟು ಇದನ್ನು ಬರೆದಿದ್ದೇನೆ.

ಹಂತ 1: ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆಯಿರಿ

"ಜೀವವೈವಿಧ್ಯದ ಮೇಲಿನ ಪರಿಣಾಮ" ಎಂಬುದು ಅಳೆಯಬಹುದಾದ ಪ್ರಶ್ನೆಯಲ್ಲ. "ಯಂತ್ರದ ತಳಪಾಯದ ಕಂಬಗಳನ್ನು ಕಡಲತಳಕ್ಕೆ ಹೊಡೆಯುವ ದಿನಗಳಲ್ಲಿ ಡಾಲ್ಫಿನ್‌ಗಳ ಶಬ್ದ ಕೇಳಿಬರುವ ಗಂಟೆಗಳು ಎಷ್ಟು ದೂರದವರೆಗೆ ಕಡಿಮೆಯಾಗುತ್ತವೆ?" ಎಂಬುದು ಅಳೆಯಬಹುದಾದ ಪ್ರಶ್ನೆ. "ಯಂತ್ರದ ಬುಡದಲ್ಲಿ ಬಂಡೆಯನ್ನು ಆಶ್ರಯಿಸುವ ಮೀನು ಜಾತಿಗಳು ಎರಡು ವರ್ಷಗಳಲ್ಲಿ ಹೆಚ್ಚುತ್ತವೆಯೇ?" ಎಂಬುದೂ ಹಾಗೆಯೇ.

ಮೊದಲನೆಯದಕ್ಕೆ ನೀರೊಳಗಿನ ಶಬ್ದ ಹಿಡಿಯುವ ಹೈಡ್ರೋಫೋನ್ ಬೇಕು, ಎರಡನೆಯದಕ್ಕೆ ಪರಿಸರ ಡಿಎನ್‌ಎ, ಅಂದರೆ ಜೀವಿಗಳು ನೀರಿನಲ್ಲಿ ಬಿಟ್ಟುಹೋದ ಡಿಎನ್‌ಎ, ಮತ್ತು ಕ್ಯಾಮೆರಾ ಬೇಕು. ಒಂದು ವಾಕ್ಯದಲ್ಲಿ ಪ್ರಾಣಿ, ಅಳತೆ, ದೂರ ಮತ್ತು ಕಾಲ ಈ ನಾಲ್ಕೂ ಬರುವವರೆಗೆ ಯಾವ ಉಪಕರಣಕ್ಕೂ ಹಣ ಕಟ್ಟಬೇಡಿ.

ಹಂತ 2: ಹೋಲಿಕೆಯ ತಾಣ, ದೂರ ಮತ್ತು ಕಾಲವನ್ನು ನಿಗದಿಪಡಿಸಿ

ಇಡೀ ಕೆಲಸದ ಬುನಾದಿ ಈ ಹಂತ. ಇದನ್ನು ಕಾಗದದ ಮೇಲೆ ಮುಗಿಸಲು ಒಂದು ತಿಂಗಳು ಹಿಡಿದರೂ ನಷ್ಟವಿಲ್ಲ. ಯಂತ್ರದ ತಾಣದಲ್ಲಿ ಮತ್ತು ಅದರಂತೆಯೇ ಆಳ, ತಳದ ಮಣ್ಣು, ದಡದಿಂದ ದೂರ ಇರುವ ಮತ್ತೊಂದು ತಾಣದಲ್ಲಿ, ನಿರ್ಮಾಣಕ್ಕೆ ಮೊದಲೂ ನಂತರವೂ ಒಂದೇ ಬಗೆಯಲ್ಲಿ ಅಳೆಯಬೇಕು. ಮೊದಲಿನ ದಾಖಲೆ ಕನಿಷ್ಠ ಎರಡು ಪೂರ್ಣ ವರ್ಷದ್ದಿರಲಿ. ಒಂದು ವರ್ಷದ ಮಳೆಗಾಲ ಇನ್ನೊಂದರಂತೆ ಇರುವುದಿಲ್ಲ.

ಹೋಲಿಕೆ ಏಕೆ ಬೇಕು ಎಂಬುದಕ್ಕೆ ಎರಡು ಸ್ಥಾವರಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಸಾಕು. ಡೆನ್ಮಾರ್ಕಿನ ನೈಸ್ಟೆಡ್‌ನಲ್ಲಿ 2003ರಲ್ಲಿ 72 ಯಂತ್ರಗಳು ನಿಂತವು. ಡಾಲ್ಫಿನ್‌ಗಳ ಬಳಗಕ್ಕೆ ಹತ್ತಿರದ ಪಾರ್ಪಾಯ್ಸ್‌ಗಳ ಶಬ್ದ ಅಲ್ಲಿ ನಿರ್ಮಾಣದೊಂದಿಗೆ ತೀವ್ರವಾಗಿ ಕುಸಿಯಿತು, ಮತ್ತು ಸುಮಾರು ಹತ್ತು ವರ್ಷಗಳ ಅವಧಿಯಲ್ಲಿ ಅದು ಮೊದಲಿನ ಮಟ್ಟದ ಶೇ. 11ರಿಂದ ಶೇ. 29ಕ್ಕೆ ಮಾತ್ರ ಏರಿತು. ನೆದರ್ಲೆಂಡ್ಸ್‌ನ ಎಗ್ಮಂಡ್ ಆನ್ ಝೀ ಸ್ಥಾವರದ 36 ಯಂತ್ರಗಳ ನಡುವೆ ಅದೇ ಜಾತಿಯ ಪ್ರಾಣಿಯ ಶಬ್ದ ನಿರ್ಮಾಣದ ನಂತರ ಹೆಚ್ಚಿತು. ಸ್ಥಾವರದೊಳಗೆ ಟ್ರಾಲ್ ಬಲೆ ಎಳೆಯುವಂತಿರಲಿಲ್ಲ, ಹೊರಗೆ ಹಡಗುಗಳ ದಟ್ಟಣೆ ಇತ್ತು. ಪ್ರಾಣಿಗಳು ಒಳಗೆ ನೆಮ್ಮದಿ ಕಂಡಿರಬಹುದು ಎಂಬುದು ಸಂಶೋಧಕರ ವಿವರಣೆ. ಎರಡೂ ಕಡೆ ಹೋಲಿಕೆಯ ತಾಣಗಳು ಇದ್ದದ್ದರಿಂದಲೇ ಈ ಮಾತನ್ನು ಧೈರ್ಯದಿಂದ ಹೇಳಲು ಸಾಧ್ಯವಾಯಿತು.

ದೂರದ ವಿಷಯದಲ್ಲಿ ಆಗುವ ತಪ್ಪು ಇನ್ನೂ ದೊಡ್ಡದು. ಡೆನ್ಮಾರ್ಕಿನ ಹಾರ್ನ್ಸ್ ರೆವ್ 2 ಸ್ಥಾವರಕ್ಕೆ 2008ರಲ್ಲಿ ಉಕ್ಕಿನ ಕಂಬಗಳನ್ನು ಹೊಡೆಯುವಾಗ ಪಾರ್ಪಾಯ್ಸ್‌ಗಳ ಮೇಲಿನ ಪರಿಣಾಮ ಸುಮಾರು 18 ಕಿ.ಮೀ. ದೂರದವರೆಗೆ ಕಂಡಿತು. ಐದು ಕಿ.ಮೀ. ಆಚೆ ಹೋಲಿಕೆಯ ತಾಣ ಇಟ್ಟುಕೊಂಡವರು ಅಲ್ಲಿಯೂ ಪ್ರಾಣಿಗಳು ಕಡಿಮೆಯಾದದ್ದನ್ನು ಕಂಡು "ಎಲ್ಲ ಕಡೆಯೂ ಕಡಿಮೆಯಾಗಿದೆ, ಯಂತ್ರದ ದೋಷವಲ್ಲ" ಎಂಬ ತಪ್ಪು ತೀರ್ಮಾನಕ್ಕೆ ಬರುತ್ತಾರೆ. ಆದ್ದರಿಂದ ಶಬ್ದದ ಅಧ್ಯಯನಕ್ಕೆ 500 ಮೀಟರ್, 1, 2, 5, 10 ಕಿ.ಮೀ. ಹೀಗೆ ದೂರ ಹೆಚ್ಚುತ್ತ ಹೋಗುವ ಸಾಲನ್ನು ಇಟ್ಟು, ಕೊನೆಯ ತಾಣವನ್ನು 25 ಕಿ.ಮೀ. ಆಚೆ ಇಡಿ. ಬುಡದ ಮಣ್ಣಿನ ಜೀವಿಗಳಲ್ಲಿ ಆಗುವ ಬದಲಾವಣೆ ಮಾತ್ರ ತಳಪಾಯದ ಕೆಲವು ಹತ್ತು ಮೀಟರ್‌ಗಳಲ್ಲೇ ಹೆಚ್ಚು ಕಾಣುವುದರಿಂದ, ಅದಕ್ಕೆ ಬೇರೆಯದೇ ಸಣ್ಣ ಸಾಲು ಬೇಕಾಗುತ್ತದೆ.

ನಮ್ಮ ಕಡಲಿನಲ್ಲಿ ಇನ್ನೊಂದು ಸಂಗತಿ ಸೇರಿಕೊಳ್ಳುತ್ತದೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಪೂರ್ವ ಕರಾವಳಿಯಲ್ಲಿ ಏಪ್ರಿಲ್ 15ರಿಂದ ಜೂನ್ 14ರವರೆಗೆ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ 61 ದಿನಗಳ ನಿಷೇಧವಿರುತ್ತದೆ. ಆ ದಿನಗಳಲ್ಲಿ ಕಡಲಿನ ಹಿನ್ನೆಲೆ ಶಬ್ದವೂ ಬೇರೆ, ಮೀನಿನ ಓಡಾಟವೂ ಬೇರೆ. ನಿರ್ಮಾಣಕ್ಕೆ ಮೊದಲಿನ ದಾಖಲೆಯನ್ನು ನಿಷೇಧದ ಕಾಲದಲ್ಲಿ, ನಂತರದ ದಾಖಲೆಯನ್ನು ದೋಣಿಗಳು ಇಳಿದ ಮೇಲೆ ತೆಗೆದರೆ ನೀವು ಅಳೆಯುವುದು ಮೀನುಗಾರಿಕೆಯ ಪರಿಣಾಮವನ್ನೇ ಹೊರತು ಪವನಯಂತ್ರದ ಪರಿಣಾಮವನ್ನಲ್ಲ.

ಮತ್ತೊಂದು ಮಾತು. ಒಂದೇ ಯಂತ್ರದ ಬುಡದಲ್ಲಿ ಹತ್ತು ಬಾಟಲಿ ನೀರು ತುಂಬಿದರೆ ಅದು ಹತ್ತು ಮಾದರಿಯಾಗುವುದಿಲ್ಲ. ಲೆಕ್ಕದಲ್ಲಿ ಅದು ಒಂದೇ ಯಂತ್ರ. ಹತ್ತು ಯಂತ್ರಗಳ ಬುಡದಲ್ಲಿ ಮೂರು ಮೂರು ಬಾಟಲಿ ತುಂಬುವುದು ಸರಿಯಾದ ಹಂಚಿಕೆ.

ಹಂತ 3: ಅನುಮತಿ ಮತ್ತು ದೋಣಿ

ಅಂತರರಾಷ್ಟ್ರೀಯ ಕಡಲ ಕಾನೂನಿನ ಪ್ರಕಾರ ಇಂಥ ರಚನೆಗಳ ಸುತ್ತ 500 ಮೀಟರ್‌ವರೆಗೆ ಸುರಕ್ಷತಾ ವಲಯ ಘೋಷಿಸಬಹುದು. ಅದರೊಳಗಿನ ಪ್ರತಿ ತಾಣಕ್ಕೂ ಸ್ಥಾವರ ನಡೆಸುವವರ ಲಿಖಿತ ಒಪ್ಪಿಗೆ ಬೇಕಾಗುತ್ತದೆ. ನೀರೊಳಗೆ ಶಬ್ದ ಗ್ರಹಿಸುವ ಉಪಕರಣ ಇಡುವ ಮುನ್ನ ಕರಾವಳಿ ರಕ್ಷಣಾ ಪಡೆ ಮತ್ತು ನೌಕಾಪಡೆಗೆ ತಾಣದ ಅಕ್ಷಾಂಶ-ರೇಖಾಂಶ ಸಹಿತ ತಿಳಿಸಿ. ಮನ್ನಾರ್ ಕೊಲ್ಲಿಯಂಥ ಸಂರಕ್ಷಿತ ಕಡಲಾದರೆ ಅರಣ್ಯ ಇಲಾಖೆಯ ಅನುಮತಿ ಪಡೆಯಲೇಬೇಕು. ಡಿಎನ್‌ಎ ಮಾದರಿಯನ್ನು ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ನಿಯಮ ನೋಡದೆ ವಿದೇಶಿ ಪ್ರಯೋಗಾಲಯಕ್ಕೆ ಕಳುಹಿಸಬಾರದು.

ಆ ಜಾಗದಲ್ಲಿ ಬಲೆ ಹಾಕುವ ದೋಣಿಗಳ ತಾಂಡೇಲರನ್ನು, ಅಂದರೆ ದೋಣಿ ನಡೆಸುವ ಮುಖ್ಯಸ್ಥರನ್ನು, ಮೊದಲೇ ಕಂಡು ಮಾತಾಡಿ. ಯಾವ ತಿಂಗಳಲ್ಲಿ ಟ್ರಾಲ್ ಎಲ್ಲಿ ಎಳೆಯುತ್ತಾರೆ, ಸೆಳೆತ ಯಾವ ದಿಕ್ಕಿಗೆ ಬಲವಾಗಿರುತ್ತದೆ ಎಂದು ಅವರಿಗಿಂತ ಚೆನ್ನಾಗಿ ಹೇಳುವವರು ಸಿಗುವುದಿಲ್ಲ. ಕಳೆದುಹೋಗುವ ಹೈಡ್ರೋಫೋನ್‌ಗಳಲ್ಲಿ ಹೆಚ್ಚಿನವು ಬಲೆಗೆ ಸಿಕ್ಕಿಯೇ ಹೋಗುತ್ತವೆ.

ಹಂತ 4: ಹೈಡ್ರೋಫೋನನ್ನು ದಡದಲ್ಲೇ ಹೊಂದಿಸಿ

ಬೇಕಾದದ್ದು ಇಷ್ಟು: ಸ್ವಯಂಚಾಲಿತ ಧ್ವನಿಮುದ್ರಕ, ಅದರ ಮಾಪನಾಂಕ ಪತ್ರ, ಹೊಸ ಬ್ಯಾಟರಿ, ಸಾಕಷ್ಟು ಮೆಮೊರಿ ಕಾರ್ಡು, ನೀರು ಒಳಹೋಗದಂತೆ ತಡೆಯುವ ರಬ್ಬರ್ ಉಂಗುರಗಳು ಮತ್ತು ಅದಕ್ಕೆ ಸವರುವ ಸಿಲಿಕೋನ್ ಗ್ರೀಸ್.

ಮೊದಲ ನಿರ್ಧಾರ ಸೆಕೆಂಡಿಗೆ ಎಷ್ಟು ಬಾರಿ ಶಬ್ದವನ್ನು ಅಳೆಯಬೇಕು ಎಂಬುದು. ದಾಖಲಿಸಬೇಕಾದ ಗರಿಷ್ಠ ಕಂಪನದ ಎರಡು ಪಟ್ಟಿಗಿಂತ ಹೆಚ್ಚಿನ ವೇಗ ಬೇಕು. ಮೀನುಗಳ ಶಬ್ದ ಬಹುಪಾಲು 2 ಕಿಲೋಹರ್ಟ್ಸ್‌ನ ಕೆಳಗಿರುವುದರಿಂದ 48 ಕಿಲೋಹರ್ಟ್ಸ್ ವೇಗ ಧಾರಾಳ. ಡಾಲ್ಫಿನ್‌ಗಳ ಸಿಳ್ಳೆಗೆ 96 ಸಾಕಾಗುತ್ತದೆ. ಉತ್ತರ ಸಮುದ್ರದ ಪಾರ್ಪಾಯ್ಸ್‌ನ ಕ್ಲಿಕ್ ಶಬ್ದವಾದರೋ 130 ಕಿಲೋಹರ್ಟ್ಸ್ ಆಸುಪಾಸಿನಲ್ಲಿರುತ್ತದೆ. ನಮ್ಮ ಕರಾವಳಿಯಲ್ಲಿರುವ ಬೆನ್ನುರೆಕ್ಕೆಯಿಲ್ಲದ ಪಾರ್ಪಾಯ್ಸ್ ಕೂಡ 100ಕ್ಕಿಂತ ಮೇಲೆಯೇ ಕ್ಲಿಕ್ಕಿಸುತ್ತದೆ. ಬೆನ್ನುರೆಕ್ಕೆ ಇಲ್ಲದ ಕಾರಣ ದೋಣಿಯಿಂದ ಅದು ಕಣ್ಣಿಗೆ ಬೀಳುವುದೇ ಕಷ್ಟ, ಆದ್ದರಿಂದ ಹೈಡ್ರೋಫೋನ್‌ನ ಬೆಲೆ ಗೊತ್ತಾಗುವುದು ಈ ಪ್ರಾಣಿಯ ವಿಷಯದಲ್ಲೇ. ಇದನ್ನು ಹಿಡಿಯಲು 384 ಕಿಲೋಹರ್ಟ್ಸ್ ವೇಗ ಇಡಿ. 96ರಲ್ಲಿ ದಾಖಲಿಸಿ "ಇಲ್ಲಿ ಪಾರ್ಪಾಯ್ಸ್ ಇಲ್ಲ" ಎಂದು ವರದಿ ಬರೆಯುವುದು ಪದೇ ಪದೇ ನಡೆಯುವ ತಪ್ಪು.

ಮೆಮೊರಿಯ ಲೆಕ್ಕವನ್ನು ಆಗಲೇ ಮಾಡಿ. 16 ಬಿಟ್‌ನ ಒಂದು ವಾಹಿನಿಯನ್ನು 384 ಕಿಲೋಹರ್ಟ್ಸ್‌ನಲ್ಲಿ ಸಂಕುಚಿಸದೆ ಮುದ್ರಿಸಿದರೆ ದಿನಕ್ಕೆ ಸುಮಾರು 66 ಗಿಗಾಬೈಟ್ ತುಂಬುತ್ತದೆ. 48ರಲ್ಲಿ ಸುಮಾರು 8.3 ಗಿಗಾಬೈಟ್. ಜಾಗ ಸಾಲದಿದ್ದರೆ ಪ್ರತಿ 15 ನಿಮಿಷಕ್ಕೆ 5 ನಿಮಿಷ ಮುದ್ರಿಸುವ ಕ್ರಮ ಇಟ್ಟುಕೊಳ್ಳಬಹುದು. ಆದರೆ ಎಲ್ಲ ತಾಣಗಳಲ್ಲೂ ಎಲ್ಲ ವರ್ಷಗಳಲ್ಲೂ ಅದೇ ಕ್ರಮ ಇರಬೇಕು.

ಗಡಿಯಾರವನ್ನು ಇಳಿಸುವ ದಿನ ಜಿಪಿಎಸ್ ಸಮಯಕ್ಕೆ ಹೊಂದಿಸಿ, ಎತ್ತಿದ ದಿನ ಎಷ್ಟು ಸರಿದಿದೆ ಎಂದು ಬರೆದುಕೊಳ್ಳಿ. ಹತ್ತು ಲಕ್ಷಕ್ಕೆ 20 ಭಾಗ ತಪ್ಪುವ ಸಾಮಾನ್ಯ ಗಡಿಯಾರ ದಿನಕ್ಕೆ ಸುಮಾರು 1.7 ಸೆಕೆಂಡು ಸರಿಯುತ್ತದೆ. ಎಲ್ಲ ದಾಖಲೆಗಳೂ ಜಾಗತಿಕ ಪ್ರಮಾಣ ಸಮಯದಲ್ಲೇ ಇರಲಿ. ಕೆಲವು ಕಡತ ಅದರಲ್ಲಿ, ಕೆಲವು ಐದೂವರೆ ಗಂಟೆ ಮುಂದಿರುವ ಭಾರತೀಯ ಸಮಯದಲ್ಲಿ ಇದ್ದರೆ ಉಬ್ಬರ ಇಳಿತವಾಗಿ, ರಾತ್ರಿ ಬೆಳಗಾಗಿ ಕಾಣುತ್ತದೆ.

ಕಂಬ ಹೊಡೆಯುವ ಶಬ್ದವನ್ನು ಅಳೆಯುವವರಿಗೆ ಎಚ್ಚರಿಕೆಯ ಮಾತೊಂದಿದೆ. ಧ್ವನಿವರ್ಧನೆ ಹೆಚ್ಚಾಗಿದ್ದರೆ ಹೊಡೆತದ ತುದಿ ಕತ್ತರಿಸಿ ಹೋಗುತ್ತದೆ, ಅಂಥ ದಾಖಲೆ ಯಾವ ಲೆಕ್ಕಕ್ಕೂ ಬರುವುದಿಲ್ಲ. ಜರ್ಮನಿಯಲ್ಲಿ 750 ಮೀಟರ್ ದೂರದಲ್ಲಿ ಒಂದು ಹೊಡೆತದ ಶಬ್ದಶಕ್ತಿ 160 ಡೆಸಿಬಲ್ ಮೀರಬಾರದು, ತುದಿ 190 ಮೀರಬಾರದು ಎಂಬ ಮಿತಿಯಿದೆ. ಈ ಮಟ್ಟವನ್ನು ತಾಳುವಂತೆ ಒಂದು ಮುದ್ರಕವನ್ನಾದರೂ ಕಡಿಮೆ ವರ್ಧನೆಯಲ್ಲಿಡಿ. ನೀರಿನ ಡೆಸಿಬಲ್‌ಗೆ ಆಧಾರ 1 ಮೈಕ್ರೋಪ್ಯಾಸ್ಕಲ್, ಗಾಳಿಯದ್ದಕ್ಕೆ 20. ಆದ್ದರಿಂದ ಎರಡನ್ನೂ ಹೋಲಿಸಿ "ಜೆಟ್ ವಿಮಾನದಷ್ಟು ಸದ್ದು" ಎಂದು ಬರೆಯುವುದು ಓದುಗರನ್ನು ದಾರಿ ತಪ್ಪಿಸುತ್ತದೆ.

ಹಂತ 5: ಸದ್ದಿಲ್ಲದ ಲಂಗರು

ನಾನು ಕೈಜೋಡಿಸಿದ್ದ ಒಂದು ಸಮೀಕ್ಷೆಯಲ್ಲಿ ಮೂವತ್ತು ದಿನಗಳ ಧ್ವನಿಮುದ್ರಣವನ್ನು ತೆರೆದಾಗ ಕೇಳಿದ್ದು ಟಣ್, ಟಣ್ ಎಂಬ ಸದ್ದು ಮಾತ್ರ. ಲಂಗರಿನ ಉಕ್ಕಿನ ಶ್ಯಾಕಲ್ (ಕೊಂಡಿ) ಪ್ರತಿ ಅಲೆಗೂ ಸರಪಳಿಗೆ ಬಡಿಯುತ್ತಿತ್ತು. ಉಬ್ಬರ ಏರಿದಂತೆ ಅದರ ವೇಗ ಹೆಚ್ಚುತ್ತಿತ್ತು, ಇಳಿತದ ಕೊನೆಯ ಅರ್ಧ ಗಂಟೆ ಮಾತ್ರ ನಿಶ್ಶಬ್ದ. ಆ ಅರ್ಧ ಗಂಟೆಯಲ್ಲೇ ಡಾಲ್ಫಿನ್‌ಗಳು ಕೇಳುತ್ತಿದ್ದುದರಿಂದ, ಪ್ರಾಣಿಗಳು ಇಳಿತಕ್ಕೆ ಮಾತ್ರ ಬರುತ್ತವೆ ಎಂದು ನಾವು ನಂಬುವ ಹಂತಕ್ಕೆ ಹೋಗಿದ್ದೆವು.

ಆ ಮೇಲಿನಿಂದ ನಾನು ಪಾಲಿಸುವ ಕ್ರಮ ಹೀಗಿದೆ. ತಳದಲ್ಲಿ ಕಾಂಕ್ರೀಟ್ ತೂಕ, ಅದರ ಮೇಲೆ ಸರಪಳಿಯ ಬದಲು ದಪ್ಪ ನೈಲಾನ್ ಹಗ್ಗ, ಹೈಡ್ರೋಫೋನ್ ತಳದಿಂದ ಒಂದೆರಡು ಮೀಟರ್ ಮೇಲೆ, ಅದನ್ನು ನೆಟ್ಟಗೆ ಹಿಡಿಯಲು ನೀರೊಳಗೇ ಮುಳುಗಿರುವ ತೇಲು ಬುಂಡೆ. ಲೋಹ ಲೋಹಕ್ಕೆ ತಾಗುವ ಪ್ರತಿ ಜಾಗಕ್ಕೂ ರಬ್ಬರ್ ಟ್ಯೂಬ್ ಸುತ್ತಿ. ಮೇಲ್ಮೈಯ ಬುಂಡೆಗೆ ನೇರವಾಗಿ ಕಟ್ಟಿದರೆ ಅಲೆಯ ಎಳೆತ ಹಗ್ಗದ ಮೂಲಕ ಇಳಿದು 100 ಹರ್ಟ್ಸ್‌ಗಿಂತ ಕೆಳಗಿನ ಎಲ್ಲವನ್ನೂ ಮುಚ್ಚಿಹಾಕುತ್ತದೆ. ಯಂತ್ರ ತಿರುಗುವಾಗಿನ ಗುಂಯ್‌ಗುಡುವಿಕೆ ಹೆಚ್ಚಾಗಿ ಕೆಲವು ನೂರು ಹರ್ಟ್ಸ್‌ಗಳ ಒಳಗೇ ಇರುವುದರಿಂದ ಈ ನಷ್ಟ ಸಣ್ಣದಲ್ಲ.

ಇಳಿಸಿದ ಎರಡು ಮೂರು ದಿನಗಳ ನಂತರ ಒಂದು ಸಲ ಎತ್ತಿ ಕೇಳಿ, ಮತ್ತೆ ಇಳಿಸಿ. ಒಂದು ದಿನದ ದೋಣಿ ಬಾಡಿಗೆ ಒಂದು ತಿಂಗಳ ದಾಖಲೆಯನ್ನು ಉಳಿಸುತ್ತದೆ.

ಹಂತ 6: ಪರಿಸರ ಡಿಎನ್‌ಎಗಾಗಿ ನೀರು ತೆಗೆಯುವುದು

ಮೀನು ಉದುರಿಸುವ ಲೋಳೆ, ಮಲ, ಚರ್ಮದ ಕಣಗಳ ಜೊತೆ ಅದರ ಡಿಎನ್‌ಎ ನೀರಿಗೆ ಸೇರುತ್ತದೆ. ಆ ನೀರನ್ನು ಸೋಸಿ, ಸೋಸುಪೊರೆಯಲ್ಲಿ ಉಳಿದುದನ್ನು ಓದಿ ಯಾವ ಜಾತಿಗಳಿವೆ ಎಂದು ತಿಳಿಯುತ್ತೇವೆ. ಒಂದು ಹನಿ ಹೊರಗಿನ ಡಿಎನ್‌ಎ ಸೇರಿದರೂ ಫಲಿತಾಂಶ ಕೆಡುವುದರಿಂದ ಇಲ್ಲಿ ಶುಚಿತ್ವವೇ ಕೆಲಸದ ಮುಕ್ಕಾಲು ಪಾಲು.

ಒಮ್ಮೆ ನಮ್ಮ ಖಾಲಿ ಮಾದರಿಯಲ್ಲಿ, ಅಂದರೆ ಕಡಲನ್ನೇ ಮುಟ್ಟದ ಶುದ್ಧ ನೀರಿನಲ್ಲಿ, ಬಂಗುಡೆಯ ಡಿಎನ್‌ಎ ಸಿಕ್ಕಿತು. ನಾವು ಬಾಡಿಗೆಗೆ ಪಡೆದ ದೋಣಿ ಹಿಂದಿನ ದಿನವಷ್ಟೇ ದಕ್ಕೆಯಲ್ಲಿ ಬಂಗುಡೆ ಇಳಿಸಿ ಬಂದಿತ್ತು, ಹಲಗೆಯ ಸಂದುಗಳಲ್ಲಿ ಹುರುಪೆ ಇನ್ನೂ ಹೊಳೆಯುತ್ತಿತ್ತು. ಆ ಹಲಗೆಯ ಮೇಲೆಯೇ ನಾವು ಬಾಟಲಿಗಳನ್ನು ಇಟ್ಟಿದ್ದೆವು. ಆ ಪ್ರವಾಸದ ಎಲ್ಲ ಮಾದರಿಗಳಿಂದಲೂ ಬಂಗುಡೆಯನ್ನು ಕೈಬಿಡಬೇಕಾಯಿತು. ಖಾಲಿ ಮಾದರಿ ಇಲ್ಲದಿದ್ದರೆ ಅದನ್ನೇ ಸತ್ಯವೆಂದು ಬರೆದುಬಿಡುತ್ತಿದ್ದೆವು.

1. ಬಾಟಲಿ, ನಳಿಕೆ, ನೀರೆತ್ತುವ ಪಾತ್ರೆಗಳನ್ನು ಹಿಂದಿನ ದಿನ ಬ್ಲೀಚ್ ದ್ರಾವಣದಲ್ಲಿ ಹತ್ತು ನಿಮಿಷ ನೆನೆಸಿ. ಅಂಗಡಿಯ ಶೇ. 5ರ ಸೋಡಿಯಂ ಹೈಪೋಕ್ಲೋರೈಟ್ ಒಂದು ಭಾಗಕ್ಕೆ ಒಂಬತ್ತು ಭಾಗ ನೀರು ಬೆರೆಸಿದರೆ ಸಾಕು. ನಂತರ ಶುದ್ಧ ನೀರಿನಲ್ಲಿ ಕನಿಷ್ಠ ಮೂರು ಬಾರಿ ತೊಳೆಯಿರಿ. ಉಳಿದ ಬ್ಲೀಚ್ ನಿಮ್ಮ ಮಾದರಿಯ ಡಿಎನ್‌ಎಯನ್ನೂ ತಿಂದುಹಾಕುತ್ತದೆ.

2. ದೋಣಿಯಲ್ಲಿ ಮುಚ್ಚಳವಿರುವ ಪೆಟ್ಟಿಗೆಯೊಂದನ್ನು ಮಾದರಿಗಳಿಗೇ ಮೀಸಲಿಡಿ. ಐಸ್ ಪೆಟ್ಟಿಗೆ ಎಂದೂ ಮೀನು ಇಟ್ಟದ್ದಾಗಿರಬಾರದು. ಆ ದಿನ ಊಟಕ್ಕೆ ಮೀನುಸಾರು ಬೇಡ, ಮೀನು ಮುಟ್ಟಿದ ಕೈ ಬಾಟಲಿಯನ್ನು ಮುಟ್ಟಬಾರದು. ಪ್ರತಿ ತಾಣದಲ್ಲೂ ಹೊಸ ಕೈಗವಸು ಹಾಕಿ.

3. ಸೆಳೆತದ ಎದುರಿಗೆ ದೋಣಿ ನಿಲ್ಲಿಸಿ, ಮುಂಭಾಗದಿಂದ ನೀರು ತೆಗೆಯಿರಿ. ಹೋಲಿಕೆಯ ತಾಣದಿಂದ ಆರಂಭಿಸಿ ಯಂತ್ರದ ಬುಡಕ್ಕೆ ಕೊನೆಗೆ ಬನ್ನಿ. ಜೀವಿಗಳು ದಟ್ಟವಾಗಿರುವ ಕಡೆಯಿಂದ ವಿರಳವಾಗಿರುವ ಕಡೆಗೆ ಸಾಗಿದರೆ ಕಲಬೆರಕೆ ಹೆಚ್ಚುತ್ತದೆ.

4. ಪ್ರತಿ ತಾಣದಲ್ಲಿ ಮೇಲ್ಮೈಯಿಂದ ಒಂದು ಮೀಟರ್ ಕೆಳಗೆ ಮತ್ತು ತಳದಿಂದ ಒಂದೆರಡು ಮೀಟರ್ ಮೇಲೆ, ತಲಾ ಮೂರು ಮಾದರಿ, ಒಂದೊಂದೂ 1ರಿಂದ 2 ಲೀಟರ್ ಇರಲಿ. ಉಬ್ಬರ-ಇಳಿತದ ಯಾವ ಹೊತ್ತು ಎಂದು ಚೀಟಿಯ ಮೇಲೆ ಬರೆಯಿರಿ.

5. ಸಾಧ್ಯವಾದರೆ ದೋಣಿಯಲ್ಲೇ ಸೋಸಿ. ಇಲ್ಲವಾದರೆ ಐಸಿನಲ್ಲಿಟ್ಟು ಕೆಲವೇ ಗಂಟೆಗಳೊಳಗೆ ಸೋಸಿ. 0.45 ಮೈಕ್ರೋಮೀಟರ್ ರಂಧ್ರದ ಮುಚ್ಚಿದ ಫಿಲ್ಟರ್ ಸಾಮಾನ್ಯ ಆಯ್ಕೆ. ಖಂಭಾತ್ ಕೊಲ್ಲಿಯಂಥ ಕೆಸರುನೀರಿನಲ್ಲಿ ಅದು ಕಾಲು ಲೀಟರಿಗೇ ಕಂದುಬಣ್ಣಕ್ಕೆ ತಿರುಗಿ ಕಟ್ಟಿಕೊಳ್ಳಬಹುದು. ಅಂಥಲ್ಲಿ ದೊಡ್ಡ ರಂಧ್ರದ ಫಿಲ್ಟರನ್ನು ಮೊದಲೇ ಪರೀಕ್ಷಿಸಿ, ಎಲ್ಲ ತಾಣಗಳಿಗೂ ಅದನ್ನೇ ಬಳಸಿ, ನಿಜವಾಗಿ ಸೋಸಿದ ಪ್ರಮಾಣವನ್ನು ದಾಖಲಿಸಿ.

6. ಸೋಸಿದ ಕೂಡಲೇ ಫಿಲ್ಟರಿಗೆ ಸಂರಕ್ಷಕ ದ್ರಾವಣ ತುಂಬಿ ಮುಚ್ಚಿ. ದಿನಕ್ಕೆ ಕನಿಷ್ಠ ಒಂದು ಖಾಲಿ ಮಾದರಿಯನ್ನು ಅದೇ ದೋಣಿಯಲ್ಲಿ, ಅದೇ ಕೈಗಳಿಂದ, ಅದೇ ಕ್ರಮದಲ್ಲಿ ಸೋಸಿ.

ಹಂತ 7: ಪ್ರಯೋಗಾಲಯ ಮತ್ತು ಹೆಸರು ಪತ್ತೆ

ಡಿಎನ್‌ಎ ಹೊರತೆಗೆಯುವ ಕಿಟ್‌ಗಳ ಅನೇಕ ದ್ರಾವಣಗಳಲ್ಲಿ ಗ್ವಾನಿಡಿನ್ ಲವಣವಿರುತ್ತದೆ. ಅದು ಬ್ಲೀಚ್ ಜೊತೆ ಸೇರಿದರೆ ವಿಷಾನಿಲ ಏಳುತ್ತದೆ, ಆದ್ದರಿಂದ ಎರಡರ ತ್ಯಾಜ್ಯವನ್ನೂ ಬೇರೆ ಬೇರೆ ಡಬ್ಬಿಗಳಿಗೆ ಹಾಕಿ.

ಮೀನುಗಳಿಗಾಗಿ ಜಪಾನಿನ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಮೈಫಿಶ್ ಪ್ರೈಮರ್ (ಓದಬೇಕಾದ ಡಿಎನ್‌ಎ ತುಣುಕನ್ನು ಆರಿಸಿ ಹೆಚ್ಚಿಸಲು ಬಳಸುವ ಚಿಕ್ಕ ಡಿಎನ್‌ಎ ಎಳೆ) ವ್ಯಾಪಕ ಬಳಕೆಯಲ್ಲಿದೆ. ಅದು ಸುಮಾರು 170 ಅಕ್ಷರಗಳ ತುಣುಕನ್ನು ಓದುತ್ತದೆ. ಏಡಿ, ಚಿಪ್ಪು, ಹುಳುಗಳಿಗೆ, ಜಾತಿ ಗುರುತಿಸಲು ಬಳಸುವ ಸಿಒಐ ಎಂಬ ಜೀನಿನ 313 ಅಕ್ಷರಗಳ ತುಣುಕು ಬೇಕು. ಒಂದರಿಂದಲೇ ಎಲ್ಲವನ್ನೂ ಹಿಡಿಯಲು ಹೊರಟರೆ ಎರಡೂ ತಪ್ಪುತ್ತವೆ.

ಓದಿದ ತುಣುಕಿಗೆ ಹೆಸರು ಸಿಗುವುದು ಆ ಜಾತಿಯ ಮಾದರಿ ಉಲ್ಲೇಖ ಸಂಗ್ರಹದಲ್ಲಿದ್ದರೆ ಮಾತ್ರ. ನಮ್ಮ ಕಡಲಿನ ಜಾತಿಗಳು ಅಲ್ಲಿ ಇಲ್ಲದಿದ್ದಾಗ ತಂತ್ರಾಂಶ ಹತ್ತಿರದ ಯಾವುದೋ ಹೆಸರನ್ನು ಕೊಟ್ಟುಬಿಡುತ್ತದೆ. ಅರಬ್ಬಿ ಸಮುದ್ರದ ನೀರಿನಲ್ಲಿ ಅಟ್ಲಾಂಟಿಕ್ ಮೀನಿನ ಹೆಸರು ಕಂಡರೆ ಅದು ಹೊಸ ಶೋಧವಲ್ಲ, ಅಪಾಯದ ಸೂಚನೆ. ಸಮೀಕ್ಷೆ ಆರಂಭಿಸುವ ಮೊದಲೇ ಹತ್ತಿರದ ದಕ್ಕೆಗೆ ಹೋಗಿ, ಗುರುತಿಸಿದ ಮೀನುಗಳ ರೆಕ್ಕೆಯ ತುದಿಯನ್ನು ಸಂಗ್ರಹಿಸಿ ನಿಮ್ಮದೇ ಪಟ್ಟಿ ಮಾಡಿಕೊಳ್ಳಿ. ಹೆಸರು ಹೇಳಲು ಅಲ್ಲಿ ಮೀನು ಮಾರುವ ಹೆಂಗಸರ ಸಹಾಯ ಪಡೆಯಿರಿ, ವೈಜ್ಞಾನಿಕ ಹೆಸರನ್ನು ವರ್ಗೀಕರಣ ಬಲ್ಲವರಿಂದ ಖಚಿತಪಡಿಸಿಕೊಳ್ಳಿ.

ಹಂತ 8: ಕ್ಯಾಮೆರಾ ಮತ್ತು ಹಕ್ಕಿಗಳು

ಪರಿಸರ ಡಿಎನ್‌ಎ ಜಾತಿಯನ್ನು ಹೇಳುತ್ತದೆ. ಎಷ್ಟು ಮೀನು, ಯಾವ ಗಾತ್ರ, ಜೀವಂತವೋ ಮೀನಿನಂಗಡಿಯ ಚರಂಡಿಯಿಂದ ಬಂದದ್ದೋ ಎಂದು ಹೇಳುವುದಿಲ್ಲ. ಅದಕ್ಕೆ ನೀರೊಳಗಿನ ಕ್ಯಾಮೆರಾ ಜೊತೆಗಿರಬೇಕು. ನೀರು ತಿಳಿಯಾಗಿರುವ ತಿಂಗಳುಗಳಲ್ಲಿ ಮಾತ್ರ ಇಳಿಸಿ, ಪ್ರತಿ ಬಾರಿಯೂ ಎಷ್ಟು ಮೀಟರ್ ದೂರ ಕಾಣುತ್ತದೆ ಎಂದು ಬರೆದುಕೊಳ್ಳಿ.

ಹಕ್ಕಿಗಳಿಗೆ ರೇಡಾರ್ ಮತ್ತು ಕ್ಯಾಮೆರಾ ಜೋಡಿ ಬೇಕಾಗುತ್ತದೆ, ಅದರ ವಿವರ ಪ್ರತ್ಯೇಕ ಬರಹಕ್ಕೆ ಸೇರಿದ್ದು. ನೆದರ್ಲೆಂಡ್ಸ್‌ನಲ್ಲಿ 2023ರ ಮೇ ತಿಂಗಳಲ್ಲಿ ವಲಸೆ ಹಕ್ಕಿಗಳು ದಾಟುವ ರಾತ್ರಿ ಕಡಲ ಯಂತ್ರಗಳನ್ನು ಕೆಲವು ಗಂಟೆ ನಿಧಾನಗೊಳಿಸಿದರು ಎಂಬುದನ್ನು ಮಾತ್ರ ಇಲ್ಲಿ ನೆನಪಿಸುತ್ತೇನೆ. ಸರಿಯಾದ ದತ್ತಾಂಶವಿದ್ದರೆ ಯಂತ್ರ ನಡೆಸುವವರೂ ಕೇಳುತ್ತಾರೆ.

ಹಂತ 9: ದತ್ತಾಂಶವನ್ನು ನಂಬುವ ಮೊದಲು

ಬ್ಯಾಟರಿ ಮುಗಿದ ದಿನವನ್ನು "ಡಾಲ್ಫಿನ್: 0" ಎಂದು ನಮೂದಿಸಿದ ಕಡತಗಳನ್ನು ನಾನು ಒಂದಕ್ಕಿಂತ ಹೆಚ್ಚು ಬಾರಿ ಕಂಡಿದ್ದೇನೆ. ಕೇಳಿಸಿಕೊಂಡೂ ಏನೂ ಸಿಗದ ದಿನ ಬೇರೆ, ಕೇಳಿಸಿಕೊಳ್ಳದ ದಿನ ಬೇರೆ. ಪ್ರತಿ ದಿನಕ್ಕೂ ಎಷ್ಟು ನಿಮಿಷ ಮುದ್ರಣವಾಗಿದೆ ಎಂಬ ಅಂಕಣ ಇರಲೇಬೇಕು.

ಕ್ಲಿಕ್ ಶಬ್ದವನ್ನು ತಾನೇ ಹುಡುಕುವ ತಂತ್ರಾಂಶಗಳಲ್ಲಿ ಅನೇಕವು ಯುರೋಪಿನ ತಣ್ಣೀರಿನ ದಾಖಲೆಗಳಿಂದ ಕಲಿತಂಥವು. ನಮ್ಮ ಬೆಚ್ಚಗಿನ ನೀರಿನಲ್ಲಿ ಚಿಟಿಕೆ ಸಿಗಡಿಗಳು ಹಗಲೂ ರಾತ್ರಿ ಬಾಣಲೆಯಲ್ಲಿ ಒಗ್ಗರಣೆ ಸಿಡಿದಂತೆ ಚಟಪಟ ಎನ್ನುತ್ತಿರುತ್ತವೆ, ತಂತ್ರಾಂಶ ಅದನ್ನು ಡಾಲ್ಫಿನ್ ಎಂದು ಎಣಿಸಬಹುದು. ಪ್ರತಿ ತಿಂಗಳ ಕಡತಗಳಿಂದ ಚೀಟಿ ಎತ್ತಿದಂತೆ ಕೆಲವು ತುಣುಕುಗಳನ್ನು ಆಯ್ದು, ಕಿವಿಯಿಂದ ಕೇಳಿ, ಧ್ವನಿಚಿತ್ರವನ್ನು (ಸ್ಪೆಕ್ಟ್ರೋಗ್ರಾಮ್) ಕಣ್ಣಿಂದ ನೋಡಿ, ತಂತ್ರಾಂಶ ಎಷ್ಟು ಬಾರಿ ತಪ್ಪಿತು ಎಂಬುದನ್ನು ವರದಿಯಲ್ಲಿ ಬರೆಯಿರಿ. ರಾತ್ರಿಯಿಡೀ ಬಿಡುವಿಲ್ಲದೆ ಡಾಲ್ಫಿನ್ ಸಿಕ್ಕರೆ, ಎಲ್ಲ ತಾಣಗಳಲ್ಲೂ ಒಂದೇ ನಿಮಿಷಕ್ಕೆ ಪತ್ತೆಯಾದರೆ, ಅಥವಾ ಹೊಸ ಬ್ಯಾಟರಿ ಹಾಕಿದ ದಿನವೇ ಸಂಖ್ಯೆ ಜಿಗಿದರೆ ಮೊದಲು ಉಪಕರಣವನ್ನು ಅನುಮಾನಿಸಿ.

ಡಿಎನ್‌ಎ ಫಲಿತಾಂಶದಲ್ಲಿ ತುಣುಕುಗಳ ಸಂಖ್ಯೆಯನ್ನು ಮೀನಿನ ಸಂಖ್ಯೆಯೆಂದು ಓದಬೇಡಿ. ಮೂರು ಮಾದರಿಗಳಲ್ಲಿ ಒಂದರಲ್ಲಷ್ಟೇ, ಅದೂ ಬೆರಳೆಣಿಕೆಯ ತುಣುಕುಗಳಲ್ಲಿ ಸಿಕ್ಕ ಜಾತಿಯನ್ನು ಬೇರೆ ಪಟ್ಟಿಯಲ್ಲಿಡಿ. ಖಾಲಿ ಮಾದರಿಗಳಲ್ಲಿ ಏನು ಸಿಕ್ಕಿತೆಂಬ ಕೋಷ್ಟಕವನ್ನು ವರದಿಯ ಮುಖ್ಯ ಭಾಗದಲ್ಲೇ ಅಚ್ಚು ಹಾಕಿಸಿ. ಪ್ರತಿ ಫಿಲ್ಟರಿನ ಉಳಿದ ಅರ್ಧ ಡಿಎನ್‌ಎಯನ್ನು ಶೈತ್ಯಪೆಟ್ಟಿಗೆಯಲ್ಲಿ, ಮೂಲ ಧ್ವನಿಕಡತಗಳನ್ನು ಎರಡು ಬೇರೆ ಊರುಗಳ ಡಿಸ್ಕ್‌ಗಳಲ್ಲಿ ಇಡಿ. ಯಂತ್ರಗಳು ನಿಂತ ಮೇಲೆ ಅದೇ ತಾಣಕ್ಕೆ ಹೋಗುವವರು ನೀವೇ ಆಗಿರಲಾರಿರಿ. ಅಕ್ಷಾಂಶ, ಆಳ, ಫಿಲ್ಟರಿನ ರಂಧ್ರ, ವರ್ಧನೆಯ ಅಂಕಿ, ಲಂಗರಿನ ರೇಖಾಚಿತ್ರ ಇವೆಲ್ಲ ಆ ಕಡತಗಳ ಜೊತೆಗೇ ಇರಬೇಕು.